ಎಡಮೂಲೆಗೆ ಕೊಟ್ಟ ಪಾಸು

ನಮ್ಮ ಲಂಡನ್ ಹೆಂಗಸರ ಐಸ್ ಹಾಕಿ ತಂಡದ ವರ್ನಾ ಕೆನಡಾದ ಕ್ರೀ ಬುಡಕಟ್ಟಿನವಳು; ಹೆಪ್ಪುಗಟ್ಟಿದ ಊರ ಕೆರೆಯ ಮೇಲೆ ತಂಗಿಯೊಡನೆ ಆಡಿ ಕಲಿತು, ಅಲ್ಲಿನ ದೊಡ್ಡ ಲೀಗುಗಳನ್ನೆಲ್ಲ ಮುಗಿಸಿ, ೧೯೯೮ರಲ್ಲಿ ಇಲ್ಲಿಗೆ ಬಂದವಳು. ಬೆವರಿದ ಗ್ಲೌಸನ್ನು ರೇಡಿಯೇಟರ್ ಮೇಲೆ ಒಣಹಾಕಿ ಇಡೀ ಕೋಣೆಯನ್ನು ನಾರಿಸುತ್ತಾಳೆ. ತಾನು ಬಾಯಿಗೆ ಬಂದಂತೆ ಬೈದ ರೆಫರಿಗೇ ಆಮೇಲೆ ಚಹಾ ಕೊಡಿಸುತ್ತಾಳೆ. ಅವಳು ಅಡ್ಡ ನಿಂತರೆ ಡಬಲ್ ಡೆಕ್ಕರ್ ಬಸ್ಸೂ ಸುತ್ತಿಕೊಂಡು ಹೋಗಬೇಕು. ಒಂದೇ ಚಾಳಿ: ಪ್ರತಿ ಆಟದಲ್ಲೂ ಚೆಂಡಿನ ಬದಲು ಆಡುವ ಕಪ್ಪು ರಬ್ಬರ್ ಬಿಲ್ಲೆಯನ್ನು ಒಮ್ಮೆ ಯಾರೂ ಇಲ್ಲದ ಎಡಮೂಲೆಗೆ ತಳ್ಳಿಬಿಡುತ್ತಾಳೆ. ಅದು ಅಂಚಿನ ಹಲಗೆಗೆ ಬಡಿದು ಅವಳ ಕೋಲಿಗೇ ಮರಳುತ್ತದೆ. "ಅಲ್ಲಿ ಯಾರುಂಟು ಮಾರಾಯ್ತಿ, ಇವಳು ಯಾರಿಗೆ ಕೊಡುವುದು?" ಎಂದು ಲಂಡನ್ನಿನದೇ ಗ್ರೀನ್‌ಫರ್ಡ್‌ನಿಂದ ನಮ್ಮ ತಂಡದಲ್ಲಿರುವ ಮಗಳ ಆಟ ನೋಡಲು ಬರುವ ಉಡುಪಿಯ ಸೆವ್ರಿನ್ ಬಾಯಿ ನಗುತ್ತಾರೆ. ವರ್ನಾಳನ್ನೇ ಕೇಳಿದರೆ, "ಅದು ತಂಗಿಯ ಜಾಗ" ಎನ್ನುತ್ತಾಳೆ. ಹದಿನೇಳು ವರ್ಷದ ಆ ತಂಗಿ ಒಂದು ಸಂಜೆ ಆಟ ಮುಗಿಸಿ ಮನೆಗೆ ಹೊರಟವಳು ತಲುಪಲೇ ಇಲ್ಲವಂತೆ. ಮೊನ್ನೆ ರಿಪೇರಿಗೆಂದು ಆ ಮೂಲೆಯ ಹಲಗೆಗಳನ್ನು ಬಿಚ್ಚಿಟ್ಟಿದ್ದರು. ಪ್ರಾಕ್ಟೀಸಿನ ನಡುವೆ ವರ್ನಾ ಎಂದಿನಂತೆ ಎಡಕ್ಕೆ ತಳ್ಳಿದಳು. ಬಿಲ್ಲೆ ಜಾರುತ್ತ ಹೋಯಿತು. ತಡೆಯಲು ಅಲ್ಲಿ ಏನೂ ಇರಲಿಲ್ಲ. ಆದರೂ ಮರಳಿ ಬಂತು. ನಾವೆಲ್ಲ ಆಟ ಬಿಟ್ಟು ಹಿಂದೆ ಸರಿದೆವು. ವರ್ನಾ ಮಾತ್ರ ಹಿಂದಕ್ಕೆ ಕೋಲು ಚಾಚಿ ಅದನ್ನು ಹಿಡಿದು, ಆ ಖಾಲಿ ಮೂಲೆಯತ್ತ ಗೊಣಗಿದಳು: "ಎಷ್ಟು ಸಲ ಹೇಳಿದ್ದೀನಿ, ಸ್ವಲ್ಪ ಮುಂದಕ್ಕೆ ಕೊಡೇ."