ಮೌನಮ್ಮನ ‘ಲೂಮ’

ವನದುರ್ಗದ ಟಪಾಲು ಕೆಲಸ ನನ್ನ ಕೈಯಲ್ಲಿದ್ದ ವರ್ಷಗಳಲ್ಲಿ, ಇಲ್ಲದ ಲೋಕದ ಭಾಷೆಯಲ್ಲಿ ಪರೀಕ್ಷೆ ಬರೆದವಳು ಒಬ್ಬಳೇ, ಭಾಗಣ್ಣನ ಹೆಂಡತಿ ಮೌನಮ್ಮ. ಹೆಸರಿಗಷ್ಟೇ ಮೌನ, ಬಾಯಿ ತೆರೆದರೆ ಕಾಲುವೆಯ ತೂಬು ಎತ್ತಿದಂತೆ.

ಕಾಲುವೆ ನೀರು ಬಂದು ನಾಲ್ಕೈದು ವರ್ಷವಾಗಿತ್ತು. ಜೋಳದ ಹೊಲಗಳು ನೆಲ್ಲಿನ ಗದ್ದೆಯಾಗಿ, ಸಸಿ ಹಚ್ಚುವ ಹೆಂಗಸರಿಗೆ ಕೈತುಂಬ ಕೆಲಸ. ಮೌನಮ್ಮನೂ ಅವರಲ್ಲೊಬ್ಬಳು. ಏಳನೇ ಇಯತ್ತೆಯ ಪರೀಕ್ಷೆಗೆ ಎಂಟು ದಿನ ಇರುವಾಗ ಅವಳ ಮದುವೆ ಮಾಡಿದ್ದರು. ಜೀವಮಾನದಲ್ಲಿ ಒಂದು ಪರೀಕ್ಷೆಯಾದರೂ ಪಾಸಾಗಬೇಕೆಂಬ ಹಟ ಅಂದಿನಿಂದ ಅವಳನ್ನು ಬಿಟ್ಟಿರಲಿಲ್ಲ.

ಆಗ ಮಾಸಪತ್ರಿಕೆಯೊಂದರಲ್ಲಿ ನಕ್ಷತ್ರಲೋಕದ ಧಾರಾವಾಹಿ ಬರುತ್ತಿತ್ತು. ಬರೆದ ಮಹಾನುಭಾವ ಅಲ್ಲಿನ ಜನಕ್ಕೊಂದು ಭಾಷೆಯನ್ನೇ ಕಟ್ಟಿ, ಮುನ್ನೂರು ಶಬ್ದ ಅಚ್ಚು ಹಾಕಿಸಿ, ವರ್ಷಕ್ಕೊಮ್ಮೆ ಟಪಾಲಿನಲ್ಲಿ ಪರೀಕ್ಷೆ ಇಟ್ಟಿದ್ದ. ನಾನು ಓದಿಟ್ಟ ಸಂಚಿಕೆಗಳನ್ನು ಮೌನಮ್ಮ ಒಯ್ದಳು. ತಿಂಗಳೊಳಗೆ ಗೆಳತಿ ಖಾಸಿಂಬೀಗೂ ಕಲಿಸಿ, ಗದ್ದೆಯಲ್ಲಿ ಮೇಸ್ತ್ರಿಯ ಎದುರಿಗೇ ಅವನನ್ನು ಆ ಭಾಷೆಯಲ್ಲಿ ಬೈಯತೊಡಗಿದಳು. ಅವನು ತೆಲುಗು ಅಂದುಕೊಂಡು ನಗುತ್ತಿದ್ದ.

“ಇಂಗ್ಲಿಷ್ ಕಲತ್ರ ಕಚೇರ್ಯಾಗರ ನಡೀತದ. ಇದನ್ನ ಯಾರ ಕೂಡ ಮಾತಾಡ್ತಿ?” ಎಂದು ಭಾಗಣ್ಣ ರೇಗಿಸುತ್ತಿದ್ದ.

ಇಪ್ಪತ್ತಕ್ಕೆ ಇಪ್ಪತ್ತೂ ಸರಿ ಬಂದರೇ ಪಾಸು. ಮೊದಲ ವರ್ಷ ಅವಳಿಗೆ ಹತ್ತೊಂಬತ್ತು. ತವರಿನಿಂದ ಹೊರಟ ಮಗಳು ತಾಯಿಗೆ ಏನು ಹೇಳುತ್ತಾಳೆ ಎಂಬುದು ಕೊನೆಯ ಪ್ರಶ್ನೆ. ಅವರಿಗೆ ಬೇಕಿದ್ದ ಉತ್ತರ ‘ತಿರ’, ಅಂದರೆ ಹೋಗುತ್ತೇನೆ. ಇವಳು ‘ಲೂಮ’, ಬರುತ್ತೇನೆ, ಎಂದು ಬರೆದಿದ್ದಳು.

ಮರುವರ್ಷ ಧಾರಾವಾಹಿ ಮುಗಿಯುತ್ತಿತ್ತು. ಅದೇ ಕೊನೆಯ ಪರೀಕ್ಷೆ. ಬರೆದವನ ಸೋಮಾರಿತನವೋ ಏನೋ, ಕೊನೆಯ ಪ್ರಶ್ನೆಯೂ ಅದೇ. ಮೌನಮ್ಮ ನನ್ನ ಮೇಜಿನ ಮೇಲೇ ಮತ್ತೆ ‘ಲೂಮ’ ಬರೆದಳು.

“ಅಕ್ಕಾ, ಅವ್ರು ಕೇಳಿದ್ದು ಬರದು ಪಾಸಾಗು. ಜಿದ್ದ್ಯಾಕ?” ಅಂದಳು ಖಾಸಿಂಬೀ.

“ಮನಿಯಿಂದ ಹೊಂಟಾಗ ನೀ ‘ಹೋಗ್ತೀನಿ’ ಅಂತೀಯೇನು?”

“ತೋಬಾ! ನಾ ಯಾಕ ಅನ್ಲಿ?”

“ಮತ್ತ ಆ ಹುಡುಗಿ ಯಾಕ ಅಂದಾಳು?”

ಉತ್ತರದ ಕೆಳಗೆ ಅದೇ ಭಾಷೆಯಲ್ಲಿ ಒಂದು ಸಾಲು ಸೇರಿಸಿದಳು: “ಸತ್ತವರು ಮಾತ್ರ ಹೋಗುತ್ತಾರೆ, ಉಳಿದವರು ಬರುತ್ತೇವೆ.” ನನಗೆ ಸಿಟ್ಟೇ ಬಂತು. ಕೈಗೆ ಬಂದ ತುತ್ತು ಬಾಯಿಗೆ ಬರದಂತೆ ತಾನೇ ಮಾಡಿಕೊಂಡಳಲ್ಲ ಎಂದು ಗೊಣಗುತ್ತ ಲಕೋಟೆಗೆ ಠಸ್ಸೆ ಹೊಡೆದೆ.

ಎರಡು ತಿಂಗಳಿಗೆ ಉತ್ತರ ಬಂತು. ಗಂಡನೊಂದಿಗೆ ಗದ್ದೆಯಿಂದ ಬಂದ ಮೌನಮ್ಮನ ಕೈ ಕೆಸರು; ನಾನೇ ಒಡೆದು ಓದಿದೆ. ಕೊನೆಯ ಉತ್ತರಕ್ಕೆ ಹಾಕಿದ್ದ ತಪ್ಪು ಗುರುತನ್ನು ಹೊಡೆದು ಸರಿ ಮಾಡಿದ್ದರು. ಕೆಳಗೆ ಬರೆದಿತ್ತು: “ಈ ಭಾಷೆ ಕಟ್ಟಿದವನು ನಾನೇ. ಆದರೂ ಮನೆ ಬಿಡುವಾಗ ನನ್ನ ತಾಯಿಗೆ ನಾನೇನು ಹೇಳುತ್ತಿದ್ದೆ ಎಂಬುದನ್ನು ಮರೆತಿದ್ದೆ. ನೀವು ಪಾಸಾಗಿದ್ದೀರಿ.”

ಮೌನಮ್ಮ ಕಟ್ಟೆಯ ಮೇಲೆ ಕುಸಿದು ಗಳಗಳ ಅತ್ತಳು. ನನ್ನ ಕಣ್ಣೂ ಒದ್ದೆಯಾದವು, ಸುಳ್ಳು ಯಾಕೆ.

ಭಾಗಣ್ಣನಿಗೆ ಅವತ್ತು ಕಾಲುವೆ ನೀರಿನ ಪಾಳಿ. ಸಲಿಕೆ ಹೆಗಲಿಗೇರಿಸಿದ. ನಾಲ್ಕು ಹೆಜ್ಜೆ ಹೋದವನು ನಿಂತು, ಹೆಂಡತಿಯ ಕಡೆ ತಿರುಗಿ, “ಲುಮ” ಅಂದ.

“ಲುಮ ಅಲ್ಲ, ಲೂಮ,” ಅಂದಳು ಮೌನಮ್ಮ, ಮೂಗು ಒರೆಸಿಕೊಳ್ಳುತ್ತ. “ದೀರ್ಘ ಅದ. ಇನ್ನೊಮ್ಮಿ ಅನ್ರಿ.”