ಕಣ್ಣು ಬರೆಯುವುದು ಕೊನೆಗೆ

ಮೊನ್ನೆ ಪಕ್ಕದ ಮನೆಯ ಗೇಟಿಗೆ ಬಣ್ಣ ಬಳಿಯುತ್ತಿದ್ದರು. ಟರ್ಪೆಂಟೈನ್ ವಾಸನೆ ಅಡುಗೆಮನೆಯವರೆಗೂ ಬಂತು. ಒಲೆ ಆರಿಸಿ ಸುಮ್ಮನೆ ನಿಂತುಬಿಟ್ಟೆ. ಆ ಮನೆಯಲ್ಲಿದ್ದ ಡ್ರಾಯಿಂಗ್ ಮಾಸ್ತರ ಅಂಗಿಯಿಂದ, ಅವರು ಮಕ್ಕಳಿಗೆ ಕೊಡುತ್ತಿದ್ದ ಪೆಪ್ಪರ್‌ಮಿಂಟಿನಿಂದಲೂ ಇದೇ ವಾಸನೆ ಬರುತ್ತಿತ್ತು...

ನಿವೃತ್ತರಾದ ಮೇಲೆ ಅವರು ದಿನಾ ಸಂಜೆ ಹಗರಿಬೊಮ್ಮನಹಳ್ಳಿಯ ಪಾರ್ಕಿನಲ್ಲಿ ಕೂತು ಚಿತ್ರ ಬರೆಯುತ್ತಿದ್ದರು. ಒಂದು ವರ್ಷ ಕಾಮನ ಹುಣ್ಣಿಮೆಯ ಮರುದಿನ ನಮ್ಮ ಓಣಿಯ ಮಕ್ಕಳು ಅಲ್ಲಿ ಬಣ್ಣ ಆಡಿದರು. ಮಾಸ್ತರು ಅದನ್ನೇ ದೊಡ್ಡದಾಗಿ ಬರೆಯಲು ಹಿಡಿದರು. ಚಿಗುರಿದ ಹೊಂಗೆ ಮರ, ಮುರಿದ ಜಾರುಬಂಡೆ, ನೀರಿನ ಬಕೆಟ್ಟು, ಕೆಂಪು ಹಸಿರು ಮೆತ್ತಿಕೊಂಡ ಒಂಬತ್ತು ಮಕ್ಕಳು. ಯಾರನ್ನೂ ಇದ್ದದ್ದಕ್ಕಿಂತ ಚೆಂದ ಮಾಡಲಿಲ್ಲ. ಮೂಗು ಸೋರುವವನ ಮೂಗು ಚಿತ್ರದಲ್ಲೂ ಸೋರುತ್ತಿತ್ತು. ಗುಂಪಿನ ನಡುವೆ ಏಳು ವರ್ಷದ ನನ್ನ ಮಗಳು.

ಮಾಸ್ತರ ತಂದೆ ಊರಮ್ಮನ ಮೂರ್ತಿಗೆ ಬಣ್ಣ ಬರೆಯುತ್ತಿದ್ದವರು. ಎಲ್ಲ ಮುಗಿದ ಮೇಲೆ, ಕಟ್ಟಕಡೆಗೆ, ಅಮ್ಮನ ಕಣ್ಣು ತೆರೆಯುತ್ತಿದ್ದರಂತೆ. ಮಾಸ್ತರೂ ಹಾಗೆಯೇ. ಮೈ, ಬಟ್ಟೆ, ಹಲ್ಲು ಎಲ್ಲ ಬರೆದಾದ ಮೇಲೆ ಮಗುವನ್ನು ಎದುರಿಗೆ ಕೂರಿಸಿಕೊಂಡು ಕಣ್ಣು ಬರೆಯುತ್ತಿದ್ದರು. ಎಂಟು ಮಕ್ಕಳದು ಮುಗಿಯಿತು. ನನ್ನ ಮಗಳದು ಮಾತ್ರ ಆಗಲೊಲ್ಲದು. ಕುಂಚ ಎತ್ತಿದರೆ ಸಾಕು, ಬಣ್ಣ ಎರಚುತ್ತಾರೆಂದು ಕಣ್ಣು ಬಿಗಿಯಾಗಿ ಮುಚ್ಚಿ ನಗುತ್ತಿದ್ದಳು.

"ಕಣ್ಣು ತಗಿಯವ್ವಾ, ನಿನಗೇನೂ ಹಾಕಂಗಿಲ್ಲ."

"ಸುಳ್ಳು ಹೇಳ್ತಿ ಅಜ್ಜಾ. ಕೈಯಾಗ ಬಣ್ಣ ಐತಿ."

ಮಾಸ್ತರು ನನ್ನ ಕಡೆ ತಿರುಗಿದರು. "ಇಕಿ ಕಣ್ಣು ಬರಿಯೋದ್ರಾಗ ನನ್ನ ಕಣ್ಣು ಹೋಗ್ತಾವ ನೋಡವ್ವಾ. ಇರ್ಲಿ, ನಾಳಿ ಕರ್ಕೊಂಡು ಬಾ."

ಮರುದಿನ ಅವಳಿಗೆ ಜ್ವರ ಹತ್ತಿತು. ಐದನೆಯ ದಿನ ಹೋಗಿಬಿಟ್ಟಳು...

ತಿಂಗಳು ಕಳೆದ ಮೇಲೆ ಮಾಸ್ತರ ಮನೆಗೆ ಹೋದೆ. ಚಿತ್ರದಲ್ಲಿ ಅವಳ ಕಣ್ಣಿನ ಜಾಗ ಖಾಲಿ ಇತ್ತು. ಫೋಟೋ ಕೊಡುತ್ತೇನೆ, ನೋಡಿ ಬರೆದುಬಿಡಿ ಎಂದೆ. ಅವರು ತಲೆ ಅಲ್ಲಾಡಿಸಿದರು.

"ಫೋಟೋ ನೋಡಿ ಬರದ್ರ ಅದು ಆಕಿ ಕಣ್ಣಾಗಂಗಿಲ್ಲವ್ವಾ. ನನ್ನ ಕೈಲೆ ಆಗಲ್ಲ."

ನನಗೆ ಏನಾಯಿತೋ. "ಎಲ್ಲಾರ ಮಕ್ಳೂ ನೋಡಾಕತ್ಯಾವ. ನನ್ನ ಮಗಳೊಬ್ಬಾಕಿ ಕುರುಡಿಯಾಗಿ ನಿಂದರ್ಬೇಕೇನ್ರಿ?" ಎಂದವಳೇ ಎದ್ದು ಬಂದೆ. ಮತ್ತೆ ಆ ಹೊಸ್ತಿಲು ತುಳಿಯಲಿಲ್ಲ.

ಮುಂದಿನ ಕಾಮನ ಹುಣ್ಣಿಮೆಗೆ ಅವರೇ ನಮ್ಮ ಬಾಗಿಲಿಗೆ ಬಂದರು. "ಒಂದ್ಸಲ ಬಂದು ನೋಡಿ ಹೋಗವ್ವಾ," ಎಂದು ಹೊರಗಿನಿಂದ ಕರೆದರು. ನಾನು ಒಳಗೇ ಇದ್ದೆ. ಬಾಗಿಲು ತೆರೆಯಲಿಲ್ಲ. ಸ್ವಲ್ಪ ಹೊತ್ತು ನಿಂತಿದ್ದರು. ಆಮೇಲೆ ಚಪ್ಪಲಿಯ ಸಪ್ಪಳ ನಿಧಾನವಾಗಿ ದೂರವಾಯಿತು... ಓಣಿಯಲ್ಲಿ ಎದುರಾದರೆ ಮುಖ ತಿರುಗಿಸುತ್ತಲೇ ವರ್ಷಗಳನ್ನು ಕಳೆದೆ.

ಈ ಚಳಿಗಾಲದಲ್ಲಿ ಮಾಸ್ತರು ತೀರಿಕೊಂಡರು. ಮನೆ ಬೇರೆಯವರ ಪಾಲಾಯಿತು. ಗೇಟಿಗೆ ಬಣ್ಣ ಬಳಿದ ದಿನವೇ ಮಾಸ್ತರ ಹೆಂಡತಿ ತಂಬ್ರಹಳ್ಳಿಯ ತವರಿಗೆ ಹೊರಟಿದ್ದರು. ಹೋಗುವ ಮುಂಚೆ ಹಳೆಯ ಸೀರೆಯಲ್ಲಿ ಸುತ್ತಿದ ಚಿತ್ರವನ್ನು ತಂದು ನಮ್ಮ ಗೋಡೆಗೆ ಒರಗಿಸಿದರು.

"ಇದು ನಿಂದವ್ವಾ. ನಾ ಕೊಟ್ಟು ಬರ್ತೀನಂದ್ರ ಬಿಡಲಿಲ್ಲ ಅವ್ರು. ಆಕಿ ಸಿಟ್ಟಿನ್ಯಾಗ ಅದಾಳ, ತಾನಾ ಬರ್ತಾಳ ಅಂತಿದ್ರು."

ಅವರು ಹೋದ ಮೇಲೆ ಚಿತ್ರಕ್ಕೆ ಸುತ್ತಿದ್ದ ಸೀರೆ ಬಿಚ್ಚಿದೆ. ಪಕ್ಕದ ಹುಡುಗಿಯ ಕೈಯಲ್ಲಿ ಮೊದಲು ಇಲ್ಲದಿದ್ದ ಒಂದು ಹಿಡಿ ಗುಲಾಲು ಇತ್ತು. ಅದು ಇನ್ನೇನು ಮುಖಕ್ಕೆ ಬೀಳುತ್ತದೆ ಎಂದು ನನ್ನ ಮಗಳು ಮೂಗು ಸುಕ್ಕು ಮಾಡಿ, ಕಣ್ಣು ಬಿಗಿಯಾಗಿ ಮುಚ್ಚಿ ನಗುತ್ತಿದ್ದಾಳೆ. ಮಾಸ್ತರ ಎದುರಿಗೆ ಕೂತಾಗಲೆಲ್ಲ ಅವಳು ಇದ್ದದ್ದು ಹೀಗೆಯೇ. ಮಾಸ್ತರು ತಾವು ಕಂಡದ್ದನ್ನೇ ಬರೆದಿದ್ದರು.

ಚಿತ್ರವನ್ನು ನಡುಮನೆಯ ಗೋಡೆಗೆ ಹಾಕಿದ್ದೇನೆ. ಹಾರ ಹಾಕಿಲ್ಲ. "ನೋಡಿದೆ, ಮಾಸ್ತರ" ಎಂದು ಒಂದು ಮಾತು ಹೇಳಬೇಕಿತ್ತು. ಆ ಗೇಟಿನವರೆಗೂ ಹೋದೆ. ಬಣ್ಣ ಇನ್ನೂ ಹಸಿ ಇತ್ತು, ಮುಟ್ಟದೆ ತಿರುಗಿ ಬಂದೆ...