ಆಯಿಗೆ ಕನ್ನಡ ಬಾರದ ಶನಿವಾರಗಳು

ಹೊನ್ನಾವರದ ಮೀನು ಮಾರ್ಕೆಟ್ಟಿನಲ್ಲಿ ಅರ್ಧ ಆಯುಷ್ಯ ಕೂತು ಕನ್ನಡದಲ್ಲೇ ಜಗಳಾಡಿದ, ನನ್ನನ್ನು ಹೆತ್ತ ಆಯಿ, ಕುಮಟೆಯ ಆಪ್ತ ಸಮಾಲೋಚಕಿಯ ಎದುರು ತನಗೆ ಕನ್ನಡವೇ ಬರುವುದಿಲ್ಲ ಎಂದಳು. "ಮಾಕಾ ಕನ್ನಡ ಯೇನಾ" ಎಂದು ಕೊಂಕಣಿಯಲ್ಲಿ ಹೇಳಿ ನನ್ನ ಕಡೆ ಕೈ ತೋರಿಸಿದಳು. ನನಗೆ ನಗುವೂ ಬಂತು, ಮೈಯೂ ಉರಿಯಿತು. ಗಿರಾಕಿ ಬಂಗಡೆಯ ಕಿವಿರು ಎತ್ತಿ ನೋಡಿದರೆ ಸಾಕು, "ಹೆಣ್ಣು ನೋಡೂಕೆ ಬಂದವ್ನಾ? ತಕಣೂದಾದ್ರೆ ತಕೋ, ಇಲ್ದಿದ್ರೆ ಮುಂದೆ ಹೋಗು" ಎಂದು ಬಾಯಿ ಮಾಡುವ ಹೆಂಗಸು ಇವಳು.

ಅಪ್ಪ ಸತ್ತ ವರ್ಷವೇ ಇದೆಲ್ಲ ಶುರುವಾದದ್ದು. ಯಾರಾದರೂ ಬಾಗಿಲು ಬಡಿದರೆ ಆಯಿಗೆ ಕೈಕಾಲು ನಡುಗಿ ಉಸಿರು ಕಟ್ಟುತ್ತಿತ್ತು. ಒಂದು ದಿನ ಮಾರ್ಕೆಟ್ಟಿನಲ್ಲಿ ಯಾರೋ ಐಸಿನ ಪೆಟ್ಟಿಗೆ ಕುಕ್ಕಿದ ಸದ್ದಿಗೆ ಎದ್ದು ಪಕ್ಕದವಳ ಬೆನ್ನ ಹಿಂದೆ ಅಡಗಿ ಕೂತಳಂತೆ. ಅಲ್ಲಿಗೆ ಅವಳ ವ್ಯಾಪಾರ ನಿಂತೇ ಹೋಯಿತು. ಡಾಕ್ಟರು ಹೃದಯ ಸರಿಯಾಗಿದೆ, ಇದು ಮಾತಾಡಿ ಗುಣಪಡಿಸುವ ಕಾಯಿಲೆ ಎಂದರು. ಕೇರಿಯವರು ಮಾತ್ರ "ಗಂಡನ ಮೇಲೆ ಎಷ್ಟು ಜೀವ ಇತ್ತು ನೋಡು" ಎಂದು ಕಣ್ಣೊರೆಸಿಕೊಂಡರು. ಅಪ್ಪ ಕುಡಿದು ಬಂದು ಬಡಿಯುವ ಸದ್ದು ನಾಲ್ಕು ಮನೆ ಆಚೆಗೂ ಕೇಳುತ್ತಿತ್ತು. ಆದರೂ ಸತ್ತ ಕೂಡಲೇ ದೇವರಂಥ ಮನುಷ್ಯನಾಗಿಬಿಟ್ಟ. ಇಂಥ ಜನರ ನಡುವೆ ಹುಟ್ಟಿ ಬೆಳೆದೆನಲ್ಲ ಎಂದು ನನಗೆ ಹೇಸಿಗೆಯಾಯಿತು.

ನನ್ನ ಗಂಡ, ಮಕ್ಕಳು, ಶಾಲೆಯ ಕೆಲಸ ಎಲ್ಲ ಭಟ್ಕಳದಲ್ಲಿ. ಆಯಿ ಹೊನ್ನಾವರದಲ್ಲಿ ಒಬ್ಬಳೇ ಇರುವಷ್ಟು ಸರಿಹೋಗದೆ ನನಗೆ ಬಿಡುಗಡೆಯಿರಲಿಲ್ಲ. ಶನಿವಾರ ಶನಿವಾರ ಕುಮಟೆಗೆ ಪ್ರೀತಿಯಿಂದ ಕರೆದುಕೊಂಡು ಹೋದೆ ಎಂದು ಬರೆದರೆ ಸುಳ್ಳಾದೀತು. ಬೇಗ ರಿಪೇರಿಯಾಗಿ ಮಾರ್ಕೆಟ್ಟಿಗೆ ವಾಪಸು ಹೋಗಲಿ ಎಂಬುದಷ್ಟೇ ನನ್ನ ಆಸೆಯಾಗಿತ್ತು.

ಸಮಾಲೋಚಕಿ ಧಾರವಾಡದ ಕಡೆಯವರು. ಒಂದೇ ಬಾಯಲ್ಲಿ ಎರಡು ಮೂರು ಭಾಷೆ ಇಟ್ಟುಕೊಂಡು, ಬೇಕಾದಾಗ ಬೇಕಾದ್ದನ್ನು ತೆಗೆಯುವ ನಮ್ಮ ಕರಾವಳಿಯವರ ಬುದ್ಧಿ ಅವರಿಗೆ ಗೊತ್ತಿರಲಿಲ್ಲ. ಮನೆಯವರು ಒಳಗೆ ಕೂರುವುದು ಅವರಿಗೆ ಇಷ್ಟವಿರಲಿಲ್ಲ, ಆದರೆ ಬೇರೆ ದಾರಿ ಕಾಣಲಿಲ್ಲ. "ಅವರು ಹೇಳಿದ್ದಷ್ಟ ಹೇಳ್ರಿ, ನಿಮ್ಮದೇನೂ ಸೇರಸಬ್ಯಾಡ್ರಿ" ಎಂದರು. ಅವಳಿಗೆ ಕನ್ನಡ ಬರುತ್ತದೆ ಎಂದು ನಾನು ಹೇಳಲಿಲ್ಲ. ಹೇಳಿದ್ದರೆ ಆಯಿ ಎದ್ದು ನೇರ ಬಸ್ ಸ್ಟ್ಯಾಂಡಿಗೆ ನಡೆಯುತ್ತಿದ್ದಳು. ನೀವು ಯಾರು ಎಂದು ಕೇಳಿದ್ದಕ್ಕೆ "ಮನೆಯವಳು" ಎಂದೆ. ಅವರು ಸೊಸೆ ಎಂದುಕೊಂಡರು, ನಾನು ತಿದ್ದಲಿಲ್ಲ. ಮಗಳೆಂದರೆ ನನ್ನನ್ನೂ ಕೆದಕಿಯಾರು ಎಂಬ ಹೆದರಿಕೆ ಇತ್ತು. ಆಯಿಯೂ ಸುಮ್ಮನಿದ್ದಳು.

ಮೊದಲ ಕೆಲವು ಶನಿವಾರ ನಿದ್ದೆ, ಊಟ, ಉಸಿರಾಟದಲ್ಲೇ ಕಳೆದವು. ಉಸಿರನ್ನು ನಿಧಾನ ಎಳೆದು ನಿಧಾನ ಬಿಡುವುದನ್ನು ಅವರು ತೋರಿಸಿಕೊಟ್ಟಾಗ ಆಯಿ ಕೊಂಕಣಿಯಲ್ಲಿ, "ಉಸಿರಾಡುವುದಕ್ಕೂ ಬಸ್ಸು ಹತ್ತಿ ಕುಮಟೆಗೆ ಬರಬೇಕೋ?" ಎಂದಳು. "ಪ್ರಯತ್ನ ಮಾಡ್ತಾರಂತೆ ಮೇಡಂ" ಎಂದು ನಾನು ಕನ್ನಡಕ್ಕೆ ತಂದೆ. ಆಯಿ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. ಎಷ್ಟೋ ವರ್ಷಗಳ ನಂತರ ನಾವಿಬ್ಬರೂ ಸೇರಿ ನಕ್ಕದ್ದು ಅದೇ ಇರಬೇಕು.

ಇನ್ನೊಂದು ಶನಿವಾರ ಅವರು, ಬಾಗಿಲು ಬಡಿದಾಗ ಕಣ್ಣ ಮುಂದೆ ಏನು ಬರುತ್ತದೆ ಎಂದು ಕೇಳಿದರು. ಆಯಿ ನನ್ನ ಕಡೆ ತಿರುಗಲಿಲ್ಲ. ಗೋಡೆ ನೋಡುತ್ತಾ, ಮೀನಿನ ದರ ಹೇಳುವಷ್ಟು ಸಲೀಸಾಗಿ ಕೊಂಕಣಿಯಲ್ಲಿ ಶುರುಮಾಡಿದಳು.

"ಅವನು ಬಂದು ಬಾಗಿಲು ಬಡಿಯುತ್ತಿದ್ದ. ನಾನು ಮಗಳನ್ನು ಎಬ್ಬಿಸಿ, ಹೋಗು, ತೆಗೆ ಎನ್ನುತ್ತಿದ್ದೆ. ಮೊದಲಿನ ಪೆಟ್ಟು ಬಾಗಿಲು ತೆಗೆದವರಿಗೆ ಬೀಳುತ್ತಿತ್ತು. ಆಮೇಲೆ ಅವನ ಕೈ ಸೋಲುತ್ತಿತ್ತು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಕಳಿಸುತ್ತಿದ್ದೆ."

ನನಗೆ ಅವಳು ಹೇಳುತ್ತಿದ್ದದ್ದು ಬೇರೆ. ನಿನ್ನ ಮುಖ ನೋಡಿದರೆ ಅಪ್ಪನ ಸಿಟ್ಟು ಇಳಿಯುತ್ತದೆ, ನೀನೇ ತೆಗೆ ಎನ್ನುತ್ತಿದ್ದಳು. ನಾನು ಅದನ್ನು ನಂಬಿದ್ದೆ. ಅಪ್ಪ ಎಷ್ಟು ಹೊಡೆದರೂ ಅವನಿಗೆ ನಾನೆಂದರೆ ಒಂದು ಪಾಲು ಹೆಚ್ಚು ಪ್ರೀತಿ ಎಂದುಕೊಂಡೇ ದೊಡ್ಡವಳಾಗಿದ್ದೆ. ಆ ಮನೆಯಿಂದ ನಾನು ಹೊತ್ತು ತಂದಿದ್ದ ಒಳ್ಳೆಯದು ಅಂತ ಇದ್ದದ್ದು ಅದೊಂದೇ.

ಎಲ್ಲವನ್ನೂ ಕನ್ನಡದಲ್ಲಿ ಹೇಳಿದೆ. ನಾನು ಟೀಚರು, ಎಂಥ ಪಾಠವನ್ನೂ ದನಿ ನಡುಗದಂತೆ ಓದಬಲ್ಲೆ.

"ಆ ಮಗಳಿಗೆ ಭಾಳ ಪೆಟ್ಟಾಗಿತ್ತೇನು, ಕೇಳ್ರಿ."

ಕೇಳಿದೆ. "ಒಂದು ಕಿವಿ ಹೋಯಿತು" ಎಂದಳು ಆಯಿ.

"ಒಂದು ಕಿವಿ ಹೋಯ್ತಂತೆ ಮೇಡಂ" ಎಂದೆ. ನನ್ನ ಎಡಗಿವಿಗೆ ಇವತ್ತಿಗೂ ಏನೂ ಕೇಳಿಸುವುದಿಲ್ಲ.

"ಅಕಿ ಈಗ ಎಲ್ಲಿದ್ದಾಳ?"

ಇದನ್ನು ಕೊಂಕಣಿಗೆ ತರುವ ಗೋಜಿಗೆ ನಾನು ಹೋಗಲಿಲ್ಲ. "ಭಟ್ಕಳದಲ್ಲಿದ್ದಾಳೆ, ಚೆನ್ನಾಗಿದ್ದಾಳೆ" ಎಂದು ನಾನೇ ಉತ್ತರ ಕೊಟ್ಟೆ. ಆಯಿಗೆ ಎಲ್ಲ ಅರ್ಥವಾಗುತ್ತಿತ್ತು.

ಸಮಾಲೋಚಕಿ ಮುಂದೆ ಬಾಗಿ ಆಯಿಯ ಕೈ ಹಿಡಿದುಕೊಂಡರು. "ಅದು ನಿಮ್ಮ ತಪ್ಪಲ್ಲ ಅಂತ ಹೇಳ್ರಿ ಇವರಿಗೆ. ಆವಾಗ ಇವರೂ ಜೀವಭಯದಾಗ ಇದ್ದರು. ಸಾವಕಾಶ ಹೇಳ್ರಿ, ಮನಸ್ಸಿಗೆ ಮುಟ್ಟೂ ಹಂಗ."

ಆಯಿ ಆಗ ನನ್ನ ಕಡೆ ತಿರುಗಿದಳು. ಆ ಮಾತು ಅವಳ ಕಿವಿಗೆ ಕನ್ನಡದಲ್ಲಿ ಆಗಲೇ ಬಿದ್ದಿತ್ತು. ಆದರೂ ಕಾದಳು. ಕನ್ನಡ ಬಾರದು ಎಂದು ಇಷ್ಟು ಶನಿವಾರ ನಾಟಕವಾಡಿದ್ದು ಯಾತಕ್ಕೆ ಎಂಬುದು ಆಗ ನನಗೆ ತಿಳಿಯಿತು. ಮನೆಯಲ್ಲಿ ನನ್ನ ಮುಖ ನೋಡಿ ಹೇಳಲಾಗದ್ದನ್ನು ಇಲ್ಲಿ ನನ್ನ ಬಾಯಿಂದಲೇ ಹೇಳಿಸಿದ್ದಳು. ಅದರ ಉತ್ತರವೂ ಈಗ ನನ್ನ ಬಾಯಿಂದಲೇ ಬೇಕಾಗಿತ್ತು.

ನಿನ್ನ ತಪ್ಪಲ್ಲ, ಎರಡೇ ಮಾತು ಸಾಕಿತ್ತು. ಆದರೆ ನನಗೆ ಸಿಟ್ಟು ಬಂದಿತ್ತು.

"ತಪ್ಪೋ ಅಲ್ಲವೋ, ಆ ಮಗಳನ್ನೇ ಕೇಳು ಎನ್ನುತ್ತಿದ್ದಾರೆ" ಎಂದು ಕೊಂಕಣಿಯಲ್ಲಿ ಹೇಳಿದೆ.

ಆಯಿ ಕೇಳುವವಳಂತೆ ನನ್ನ ಮುಖ ನೋಡಿದಳು. ಆಮೇಲೆ ಸಮಾಲೋಚಕಿಯ ಕಡೆ ತಿರುಗಿ, ಮಾರ್ಕೆಟ್ಟಿನ ಗಟ್ಟಿ ಕನ್ನಡದಲ್ಲಿ, "ಕೇಳ್ದೆ ಮೇಡಂ. ಅವ್ಳು ಎಂತದೂ ಹೇಳೂದಿಲ್ಲ" ಎಂದಳು.

ಸಮಾಲೋಚಕಿ ಆಯಿಯ ಕೈ ಬಿಡಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವು ಸ್ವಲ್ಪ ಹೊರಗ ಕೂಡ್ರಿ" ಎಂದರು.

ಆಮೇಲಿನ ಶನಿವಾರಗಳಲ್ಲಿ ಆಯಿ ಒಬ್ಬಳೇ ಒಳಗೆ ಹೋದಳು. ಬಾಗಿಲಿನ ಆಚೆ ಅವಳ ಕನ್ನಡ ದಡಬಡ ಓಡುವುದು ನನಗೆ ಹೊರಗಿನ ಬೆಂಚಿನವರೆಗೂ ಕೇಳುತ್ತಿತ್ತು, ಮಾತು ಮಾತ್ರ ಹಿಡಿಯಲು ಸಿಗುತ್ತಿರಲಿಲ್ಲ. ನಿಮಗೂ ಬೇರೆ ದಿನ ಕೊಡಲೇ ಎಂದು ಸಮಾಲೋಚಕಿ ಒಮ್ಮೆ ಕೇಳಿದರು. ಶಾಲೆಯಲ್ಲಿ ಪರೀಕ್ಷೆ ಎಂದೆ. ಮಳೆಗಾಲ ಮುಗಿದು ದೋಣಿಗಳು ಕಡಲಿಗೆ ಇಳಿದಾಗ ಆಯಿ ಮಾರ್ಕೆಟ್ಟಿಗೆ ಹೋದಳು. ಈಗ ಯಾರು ಬಾಗಿಲು ಬಡಿದರೂ ತಾನೇ ಎದ್ದು ಹೋಗಿ ತೆಗೆಯುತ್ತಾಳೆ, ಹೊಟ್ಟೆತುಂಬ ಉಣ್ಣುತ್ತಾಳೆ, ನಿದ್ದೆ ಮಾಡುತ್ತಾಳೆ. ನಾನು ಆ ಎರಡು ಮಾತು ಇನ್ನೂ ಹೇಳಿಲ್ಲ. ಹೇಳದೆ ಇದ್ದರೆ ಅವಳು ಗುಣವಾಗುವುದಿಲ್ಲ ಎಂದುಕೊಂಡಿದ್ದೆ. ಅವಳು ಗುಣವಾದಳು.